ಮೇಲೊಬ್ಬ, ಕೆಳಗೊಬ್ಬ, ನಡುವೆ ನೀರು

ಮೈಸೂರಿನಲ್ಲಿ ರಾತ್ರಿ ಒಂದೂವರೆಗೆ ಫೋನು ಗುಂಯ್‌ಗುಟ್ಟಿತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಆಗ ರಾತ್ರಿ ಎಂಟು. ಅಲ್ಲಿ ನನ್ನದೊಂದು ಎರಡು ಕೋಣೆಯ ಫ್ಲ್ಯಾಟಿದೆ. ಹನ್ನೆರಡು ವರ್ಷ ವಾಸವಿದ್ದು, ಊರಿಗೆ ಮರಳುವಾಗ ಮಾರಲು ಮನಸ್ಸು ಬಾರದೆ ಬಾಡಿಗೆಗೆ ಕೊಟ್ಟು ಬಂದದ್ದು. ಬಾಡಿಗೆಗಿದ್ದ ಹುಡುಗ ಒಂದು ಫೋಟೋ ಕಳಿಸಿದ್ದ. ನನ್ನ ಮನೆಯದಲ್ಲ, ಕೆಳಗಿನ ಮನೆಯ ಅಡುಗೆಕೋಣೆಯ ಸೀಲಿಂಗಿನದು. ಬಿಳಿ ಬಣ್ಣದ ಮೇಲೆ ಊಟದ ತಟ್ಟೆಯಷ್ಟು ಅಗಲದ ಕಂದು ಕಲೆ, ಅಂಚಿನಲ್ಲಿ ಚಹಾ ಚೆಲ್ಲಿ ಒಣಗಿದಂಥ ಗೆರೆ. ನಡುವೆ ಒಂದು ಹನಿ, ಬೀಳಲೋ ಬೇಡವೋ ಎಂದು ನೇತಾಡುತ್ತಿತ್ತು. ಜೊತೆಗೆ ಒಂದು ಸಾಲು: ಕೆಳಗಿನ ಮನೆಯವರು ಬಾಗಿಲಲ್ಲಿ ನಿಂತಿದ್ದಾರೆ, ಇದರ ಖರ್ಚು ಯಾರದು ಎಂದು ಕೇಳುತ್ತಿದ್ದಾರೆ.

ಅದಕ್ಕೆ ಉತ್ತರ ಸಿಗಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಓದಿದ ಕಾಗದ, ಕಾನೂನು, ತೀರ್ಪುಗಳ ಸಾರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲಂಡನ್, ರೆಡಿಂಗ್, ಮಿಲ್ಟನ್ ಕೀನ್ಸ್‌ಗಳಲ್ಲಿ ಫ್ಲ್ಯಾಟು ಕೊಂಡು, ಈಗ ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಕೂತು ಬಾಡಿಗೆ ಎಣಿಸುತ್ತಿರುವ ಕನ್ನಡಿಗರನ್ನು ನಾನೇ ಹಲವರನ್ನು ಬಲ್ಲೆ. ಅವರಲ್ಲಿ ತಮ್ಮ ಲೀಸ್ ಪತ್ರವನ್ನು ಪೂರ್ತಿ ಓದಿದವರು ಒಬ್ಬರೂ ಸಿಕ್ಕಿಲ್ಲ. ನಾನೂ ಓದಿರಲಿಲ್ಲ.

ಮೊದಲು ಪದದ ಗೊಂದಲ. ಬೆಂಗಳೂರಿನವರಿಗೆ ಲೀಸ್ ಎಂದರೆ ಭೋಗ್ಯ: ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ದುಡ್ಡು ವಾಪಸ್ಸು ಪಡೆಯುವುದು. ಇಂಗ್ಲೆಂಡಿನ ಲೀಸ್‌ಹೋಲ್ಡ್ ಬೇರೆಯೇ. ಅಲ್ಲಿ ಫ್ಲ್ಯಾಟು ಕೊಳ್ಳುವುದೆಂದರೆ ಬಹುಮಟ್ಟಿಗೆ 99, 125 ಅಥವಾ 999 ವರ್ಷಗಳ ಗೇಣಿಯ ಹಕ್ಕನ್ನು ಕೊಳ್ಳುವುದು. ನೆಲ, ಹೊರಗೋಡೆ, ಚಾವಣಿ, ಮೆಟ್ಟಿಲು ಫ್ರೀಹೋಲ್ಡರ್ ಎಂಬ ಮೇಲೊಡೆಯನ ಕೈಯಲ್ಲಿ ಉಳಿಯುತ್ತವೆ. ಅವನ ಪರವಾಗಿ ಮ್ಯಾನೇಜಿಂಗ್ ಏಜೆಂಟ್ ಒಬ್ಬ ಕಟ್ಟಡ ನೋಡಿಕೊಂಡು, ಖರ್ಚನ್ನು ಸರ್ವಿಸ್ ಚಾರ್ಜ್ ಎಂದು ಎಲ್ಲ ಫ್ಲ್ಯಾಟುಗಳಿಗೆ ಹಂಚುತ್ತಾನೆ. (ಸ್ಕಾಟ್ಲೆಂಡಿನಲ್ಲಿ ಈ ರಗಳೆ ಇಲ್ಲ. ಅಲ್ಲಿ ಫ್ಲ್ಯಾಟಿನ ಒಡೆತನದ ಕಾನೂನೇ ಬೇರೆ.) ಇಂಥ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟವನು ಕೆಳಗೆ ನೋಡಿದರೆ ಮಾಲೀಕ, ಮೇಲೆ ನೋಡಿದರೆ ತಾನೇ ಬಾಡಿಗೆದಾರ. ಅಡಕತ್ತರಿಯ ನಡುವಿನ ಅಡಕೆ.

ಸೋರಿಕೆಯಾದಾಗ ಈ ನಡುವಿನವನ ಮುಂದೆ ಮೂರು ಜನ ನಿಲ್ಲುತ್ತಾರೆ: ಒಳಗಿರುವ ಬಾಡಿಗೆದಾರ, ಕೆಳಮನೆಯವರು, ಮೇಲೊಡೆಯ. ಮೂವರೂ ಕೇಳುವುದು ಒಂದೇ, ಖರ್ಚು ಯಾರದು ಎಂದು. ಆದರೆ ಮೂವರಿಗೂ ಕಾನೂನು ಹಿಡಿಯುವ ತಕ್ಕಡಿ ಬೇರೆ ಬೇರೆ. ಬಾಡಿಗೆದಾರನ ಮುಂದೆ ನನ್ನ ತಪ್ಪಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ, ಪೈಪು ಕೆಟ್ಟಿದ್ದರೆ ಸರಿಮಾಡಿಸಬೇಕು. ಕೆಳಮನೆಯವರ ಮುಂದೆ ತಪ್ಪೇ ಎಲ್ಲ. ಮೇಲೊಡೆಯನ ಮುಂದೆ ತಪ್ಪು ಒಪ್ಪು ಎರಡೂ ಇಲ್ಲ, ಲೀಸ್ ಪತ್ರದಲ್ಲಿ ಏನು ಬರೆದಿದೆಯೋ ಅಷ್ಟೇ. ಈ ಮೂರನ್ನು ಕಲಸಿಬಿಟ್ಟರೆ ಕೊಡಬೇಕಿಲ್ಲದ ದುಡ್ಡು ಕೊಡುತ್ತೇವೆ, ಕೊಡಬೇಕಾದಲ್ಲಿ ಜಗಳಕ್ಕೆ ನಿಲ್ಲುತ್ತೇವೆ. ಮೊದಲ ಎರಡು ತಿಂಗಳು ನಾನು ಎರಡನ್ನೂ ಮಾಡಿದೆ.

ಬಾಡಿಗೆದಾರನ ವಿಷಯದಲ್ಲಿ ಕಾನೂನು ಸ್ಪಷ್ಟ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಯಲ್ಲಿ ಮನೆಯ ರಚನೆ ಮತ್ತು ಹೊರಭಾಗ, ನೀರು, ಗ್ಯಾಸು, ವಿದ್ಯುತ್ತಿನ ವ್ಯವಸ್ಥೆ, ಬೇಸಿನ್, ಸಿಂಕ್, ಬಾತ್‌ಟಬ್, ಕಮೋಡ್, ಮನೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ಸಾಧನ, ಇಷ್ಟರ ದುರಸ್ತಿಯೂ ಮಾಲೀಕನದು. ಕರಾರುಪತ್ರದಲ್ಲಿ ‘ಪ್ಲಂಬಿಂಗ್ ಖರ್ಚು ಬಾಡಿಗೆದಾರನದು’ ಎಂದು ಬರೆಸಿಕೊಂಡರೂ ಆ ಸಾಲಿಗೆ ಬೆಲೆಯಿಲ್ಲ. ಸೀಲಿಂಗಿನ ಗಾರೆ ರಚನೆಯ ಭಾಗವೋ ಬರೀ ಅಲಂಕಾರವೋ ಎಂಬ ವಾದ ಬಹುಕಾಲ ನಡೆದು, 2011ರ ಗ್ರ್ಯಾಂಡ್ ವಿರುದ್ಧ ಗಿಲ್ ಮೊಕದ್ದಮೆಯಲ್ಲಿ ಅದೂ ಸಾಮಾನ್ಯವಾಗಿ ರಚನೆಯೇ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಅಂದರೆ ನೀರು ಕುಡಿದು ಉಬ್ಬಿದ ಗಾರೆಯೂ ಮಾಲೀಕನ ತಲೆಗೇ.

ಇಷ್ಟಾದರೂ ಹೊಣೆ ಶುರುವಾಗುವುದು ವಿಷಯ ತಿಳಿದ ಮೇಲೆ. 1973ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಓಬ್ರಿಯನ್ ವಿರುದ್ಧ ರಾಬಿನ್ಸನ್ ಪ್ರಕರಣದಲ್ಲಿ ಮಲಗುವ ಕೋಣೆಯ ಸೀಲಿಂಗೇ ಬಾಡಿಗೆದಾರರ ಮೇಲೆ ಕಳಚಿಬಿದ್ದಿತ್ತು. ಆದರೂ ಒಳಗಿನ ದೋಷ ಯಾರ ಗಮನಕ್ಕೂ ಬಂದಿರಲಿಲ್ಲವೆಂದು ಮಾಲೀಕ ಹೊಣೆಯಿಂದ ಪಾರಾದ. ಕೇಳಿದರೆ ಕ್ರೂರ ಎನಿಸುತ್ತದೆ. ಆದರೆ ಇದರಿಂದ ಹೊರಡುವ ವ್ಯವಹಾರದ ಮಾತು ಸರಳ: ಬಾಡಿಗೆದಾರ ಕಳಿಸುವ ಆ ಒಂದು ಸಾಲು, ಆ ಒಂದು ಫೋಟೋ, ಗಡಿಯಾರಕ್ಕೆ ಕೀ ಕೊಟ್ಟ ಹಾಗೆ. ಅಲ್ಲಿಂದ ಮುಂದೆ ‘ಯೋಗ್ಯ ಕಾಲಾವಧಿ’ ಓಡತೊಡಗುತ್ತದೆ. ನನ್ನ ಗಡಿಯಾರ ಮೈಸೂರಿನ ಒಂದೂವರೆಗೆ ಹೊಡೆದದ್ದು ಹೀಗೆ.

ಬಾಡಿಗೆದಾರನಿಗೂ ಕರ್ತವ್ಯವಿದೆ. ಮನೆಯನ್ನು ಬಾಡಿಗೆದಾರನಿಗೆ ತಕ್ಕಂತೆ ಬಳಸಬೇಕು ಎಂದು ವಾರೆನ್ ವಿರುದ್ಧ ಕೀನ್ ತೀರ್ಪಿನಲ್ಲಿ ಲಾರ್ಡ್ ಡೆನಿಂಗ್ 1953ರಲ್ಲೇ ವಿವರಿಸಿದ್ದರು. ತನ್ನ ಕಸದಿಂದ ಕಟ್ಟಿಕೊಂಡ ಸಿಂಕನ್ನು ತಾನೇ ಬಿಡಿಸಿಕೊಳ್ಳುವುದು, ಚಳಿಗಾಲದಲ್ಲಿ ಊರಿಗೆ ಹೊರಟರೆ ನೀರು ಬಂದ್ ಮಾಡಿ ಹೋಗುವುದು, ಇಂಥವು. ಪಟ್ಟಿ ಹಳೆಯದು, ಈಗಲೂ ಒಪ್ಪುತ್ತದೆ.

ಇಲ್ಲಿ ನಮ್ಮವರ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷ್ ಬಚ್ಚಲು ಒಣ ಬಚ್ಚಲು. ನೆಲಕ್ಕೆ ಇಳಿಜಾರಿಲ್ಲ, ಮೂಲೆಯಲ್ಲಿ ನೀರು ಹೋಗುವ ಜಾಲರಿಯಿಲ್ಲ. ನಮ್ಮ ಅತ್ತೆ ಮೂರು ತಿಂಗಳಿಗೆಂದು ಬಂದಾಗ ಬಾತ್‌ಟಬ್ಬಿನ ಪಕ್ಕದಲ್ಲಿ ಬಕೆಟ್ಟಿಟ್ಟುಕೊಂಡು, ಚೊಂಬಿನಲ್ಲಿ ಹಾಯಾಗಿ ಮೈಮೇಲೆ ಹೊಯ್ದುಕೊಂಡಿದ್ದರು. ವಿನೈಲ್ ಹಾಸಿನ ಅಂಚಿನಿಂದ ನೀರು ನುಸುಳಿ ಹಲಗೆಗೆ ಇಳಿಯಿತು. ಇನ್ನೊಂದು ಅಭ್ಯಾಸ ಕಮೋಡಿನ ಪಕ್ಕದ ಜೆಟ್ ಸ್ಪ್ರೇ. ಅಂಗಡಿಯಿಂದ ತಂದು, ತೊಟ್ಟಿಗೆ ಹೋಗುವ ಪೈಪಿಗೆ ಟಿ ಹಾಕಿ, ತೆಳ್ಳನೆಯ ಮೆತುಪೈಪು ಜೋಡಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ಇಂಗ್ಲೆಂಡಿನ 1999ರ ವಾಟರ್ ಫಿಟಿಂಗ್ಸ್ ನಿಯಮಗಳ ಲೆಕ್ಕದಲ್ಲಿ ಅದು ಅತ್ಯಂತ ಅಪಾಯದ ವರ್ಗ, 5ನೆಯದು. ಕೊಳಕು ನೀರು ಕುಡಿಯುವ ನೀರಿನ ಪೈಪಿಗೆ ಹಿಂದಿರುಗದಂತೆ ತಕ್ಕ ತಡೆ ಇರಲೇಬೇಕು. ಸಾಲದ್ದಕ್ಕೆ, ನಲ್ಲಿ ಮುಚ್ಚದೆ ಬಿಟ್ಟರೆ ಆ ಮೆತುಪೈಪಿನ ಮೇಲೆ ಇಪ್ಪತ್ತನಾಲ್ಕು ಗಂಟೆಯೂ ನೀರಿನ ಒತ್ತಡ. ಎಂದೋ ಒಂದು ದಿನ ಅದು ಬಾಯಿ ಬಿಡುತ್ತದೆ. ಮಾಲೀಕನನ್ನು ಕೇಳದೆ ಬಾಡಿಗೆದಾರ ಇದನ್ನು ಹಾಕಿಕೊಂಡಿದ್ದರೆ ದುರಸ್ತಿಯ ಹಣ ಅವನ ಡಿಪಾಸಿಟ್ಟಿನಿಂದ ಕೇಳಬಹುದು. ಆ ಡಿಪಾಸಿಟ್ಟಾದರೂ ಎಷ್ಟು? 2019ರ ಟೆನೆಂಟ್ ಫೀಸ್ ಕಾಯ್ದೆಯಂತೆ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರದ ಬಾಡಿಗೆಯಷ್ಟು ಮಾತ್ರ. ಅದೂ ಮಾಲೀಕನ ಜೇಬಿನಲ್ಲಿ ಸುಮ್ಮನೆ ಕೂರುವಂತಿಲ್ಲ, ಮಾನ್ಯತೆ ಪಡೆದ ರಕ್ಷಣಾ ಯೋಜನೆಯಡಿ 30 ದಿನದೊಳಗೆ ಸೇರಬೇಕು. ಹತ್ತು ತಿಂಗಳ ಅಡ್ವಾನ್ಸಿನ ಮೇಲೆ ಒರಗಿ ಕೂರುವ ಬೆಂಗಳೂರಿನ ಮಾಲೀಕರಿಗೆ ಇದು ತಮಾಷೆಯಾಗಿ ಕಾಣಬಹುದು.

ಸೀಲಿಂಗಿನ ಮೇಲೆ ಕಂಡ ತೇವವೆಲ್ಲ ಸೋರಿಕೆಯೂ ಅಲ್ಲ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ, ಕುಕ್ಕರ್ ಕೂಗಿಸಿ, ರೇಡಿಯೇಟರ್ ಮೇಲೆ ಬಟ್ಟೆ ಒಣಹಾಕಿದರೆ ಆ ಹಬೆಯೆಲ್ಲ ತಣ್ಣನೆಯ ಗೋಡೆಗೆ ಕೂತು ಕರಿಯ ಬೂಷ್ಟಾಗುತ್ತದೆ. 1985ರ ಕ್ವಿಕ್ ವಿರುದ್ಧ ಟಾಫ್ ಈಲಿ ಪ್ರಕರಣದಲ್ಲಿ, ಹೀಗೆ ಹಬೆಯಿಂದ ಮನೆ ವಾಸಕ್ಕೆ ಕಷ್ಟವಾದರೂ ಏನೂ ‘ಕೆಟ್ಟಿಲ್ಲ’ವಾದ್ದರಿಂದ ದುರಸ್ತಿಯ ಹೊಣೆಯಿಲ್ಲ ಎಂದಾಯಿತು. ಆ ಕಿಂಡಿಯನ್ನು 2018ರ ವಾಸಯೋಗ್ಯತೆಯ ಕಾಯ್ದೆ ಬಹುಮಟ್ಟಿಗೆ ಮುಚ್ಚಿದೆ. ರಾಚ್‌ಡೇಲಿನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಬೂಷ್ಟಿನ ಮನೆಯಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡ ಮೇಲಂತೂ ಗಾಳಿ ಬದಲಾಯಿತು. ಅವನ ಹೆಸರಿನ ನಿಯಮ ಇಂಥ ದೂರುಗಳಿಗೆ ಗಡುವು ಹಾಕುತ್ತದೆ. ಅದು 2025ರ ಅಕ್ಟೋಬರಿನಲ್ಲಿ ಸಾಮಾಜಿಕ ವಸತಿಗೆ ಜಾರಿಗೆ ಬಂತು, ಅದೇ ವರ್ಷದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಖಾಸಗಿ ಬಾಡಿಗೆಗೂ ಅದನ್ನು ಚಾಚಲು ದಾರಿ ಮಾಡಿದೆ. ‘ಕಿಟಕಿ ತೆಗೀರಿ’ ಎಂದು ಹೇಳಿ ಫೋನಿಡುವ ಮಾಲೀಕರ ಕಾಲ ಮುಗಿಯಿತು.

ಇನ್ನು ಕೆಳಮನೆ. ಮೇಲಿನಿಂದ ನೀರು ಬಿದ್ದರೆ ಮೇಲಿನವರೇ ಕಟ್ಟಿಕೊಡಬೇಕು ಎಂಬುದು ಎಲ್ಲ ದೇಶದವರ ಹುಟ್ಟುನಂಬಿಕೆ. ಆ ರಾತ್ರಿ ಬಾಗಿಲಲ್ಲಿ ನಿಂತ ವೃದ್ಧೆಯದೂ ಅದೇ, ಮೈಸೂರಿನಲ್ಲಿ ನಿದ್ದೆಗಣ್ಣಿನಲ್ಲಿದ್ದ ನನ್ನದೂ ಅದೇ. ಇಂಗ್ಲಿಷ್ ಕಾನೂನು ಹಾಗೆ ಹೇಳುವುದಿಲ್ಲ. ಇದರ ಬೇರು ಮೆಲ್ಬರ್ನಿನ ಒಂದು ಕಟ್ಟಡದಲ್ಲಿದೆ. 1909ರ ಒಂದು ರಾತ್ರಿ ನಾಲ್ಕನೇ ಮಹಡಿಯ ಕೈತೊಳೆಯುವ ಬೇಸಿನ್ನಿಗೆ ಯಾರೋ ಕಿಡಿಗೇಡಿ ಏನೇನೋ ತುರುಕಿ, ನಲ್ಲಿ ಪೂರ್ತಿ ತಿರುಗಿಸಿ ಹೋದ. ನೀರು ಇಳಿದು ಎರಡನೇ ಮಹಡಿಯಲ್ಲಿದ್ದ ಲೋಥಿಯನ್ ಎಂಬ ವ್ಯಾಪಾರಿಯ ಸರಕು ಹಾಳಾಯಿತು. ಆತ ಕಟ್ಟಡವನ್ನು ಕೈಯಲ್ಲಿಟ್ಟುಕೊಂಡಿದ್ದ ರಿಕಾರ್ಡ್ಸ್ ಎಂಬಾತನ ಮೇಲೆ ದಾವೆ ಹೂಡಿದ. ವಕೀಲರ ಕೈಯಲ್ಲಿ ಬಲವಾದ ಅಸ್ತ್ರವಿತ್ತು. ಲ್ಯಾಂಕಾಶೈರಿನ ಗಿರಣಿಯವನ ಜಲಾಶಯ ಒಡೆದು ಪಕ್ಕದ ಕಲ್ಲಿದ್ದಲು ಗಣಿಗೆ ನುಗ್ಗಿದಾಗ, ತಪ್ಪಿಲ್ಲದಿದ್ದರೂ ನೀರು ಕೂಡಿಟ್ಟವನೇ ಹೊಣೆ ಎಂದು 1868ರಲ್ಲಿ ತೀರ್ಪಾಗಿತ್ತು, ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್. ಆದರೆ 1913ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಇಲ್ಲಿಗೆ ಎಳೆದು ತರಲು ಒಪ್ಪಲಿಲ್ಲ. ಮನೆಯಲ್ಲಿ ನಲ್ಲಿ, ಬೇಸಿನ್, ಕೊಳವೆ ಇರುವುದು ಸಹಜ ಬಳಕೆ, ಜಲಾಶಯವಲ್ಲ, ಅಜಾಗರೂಕತೆ ತೋರಿಸದೆ ಹೊಣೆ ಹೊರಿಸಲಾಗದು ಎಂದಿತು. ನಲ್ಲಿನೀರು ಬ್ರಿಟಿಷ್ ಮಧ್ಯಮವರ್ಗದ ಮನೆಮಾತಾಗುತ್ತಿದ್ದ ಹೊತ್ತಿನ ತೀರ್ಪು ಅದು. ಇವತ್ತು ಪ್ರತಿ ಫ್ಲ್ಯಾಟಿನ ಜಗಳದ ಹಿಂದೆಯೂ ಅದರ ನೆರಳಿದೆ.

ಹಾಗಾದರೆ ಕೆಳಮನೆಯವರು ಯಾರನ್ನು ಕೇಳಬೇಕು? ಕಟ್ಟಡದ ವಿಮೆಯನ್ನು. ಮೇಲೊಡೆಯ ಇಡೀ ಕಟ್ಟಡಕ್ಕೆ ಮಾಡಿಸುವ, ನಾವೆಲ್ಲ ಸರ್ವಿಸ್ ಚಾರ್ಜಿನಲ್ಲಿ ಕಂತು ಕಟ್ಟುವ ವಿಮೆ. ‘ನೀರು ಹೊರಬಿದ್ದ ಹಾನಿ’ ಎಂಬುದು ಅದರಲ್ಲೊಂದು ಬಾಬ್ತು. ಕೆಳಗಿನ ಸೀಲಿಂಗು, ಗಾರೆ, ಬಣ್ಣ, ಅಂಟಿಸಿದ ಕಪಾಟು ಇದರಲ್ಲಿ ಬರುತ್ತವೆ. ಸೋಫಾ, ಟಿವಿ, ರತ್ನಗಂಬಳಿ ಬರುವುದಿಲ್ಲ, ಅವಕ್ಕೆ ಅವರವರದೇ ವಿಮೆ ಬೇಕು. ಆದರೆ ಎಚ್ಚರಿಕೆ ಬಂದ ಮೇಲೂ ಸುಮ್ಮನಿದ್ದರೆ ಅದು ಅಜಾಗರೂಕತೆ. ಮೊದಲ ಹನಿಗೆ ನಾನು ಹೊಣೆಯಲ್ಲದಿರಬಹುದು, ಮೂರನೇ ವಾರದ ಹನಿಗೆ ಆಗಬಹುದು.

ವಿಮೆಯ ಸಣ್ಣಕ್ಷರಗಳಲ್ಲಿ ಎರಡು ಕಡೆ ಕಣ್ಣು ನಿಲ್ಲಬೇಕು. ಒಂದು, ಸೋರಿಕೆಯ ಮೂಲ ಹುಡುಕಲು ಗೋಡೆ, ನೆಲ ಒಡೆದು ಮತ್ತೆ ಮುಚ್ಚುವ ಖರ್ಚಿಗೆ ‘ಟ್ರೇಸ್ ಅಂಡ್ ಆಕ್ಸೆಸ್’ ಎಂಬ ಬಾಬ್ತು ಬೇರೆಯೇ ಇರುತ್ತದೆ. ಅದಿದ್ದರೆ ಬದುಕಿದಿರಿ. ಯಾಕೆಂದರೆ ಐದು ಪೌಂಡಿನ ವಾಷರ್ ಹಾಕಲು ಐನೂರು ಪೌಂಡಿನ ಟೈಲ್ಸ್ ಒಡೆಯಬೇಕಾಗುತ್ತದೆ, ಮೂಗಿಗಿಂತ ಮೂಗುತಿ ಭಾರ. ಅಷ್ಟಾಗಿಯೂ ಆ ವಾಷರಿನ ಖರ್ಚನ್ನು ವಿಮೆ ಕೊಡುವುದಿಲ್ಲ. ವಿಮೆ ನೀರು ಮಾಡಿದ ಹಾನಿಗೆ, ನೀರು ಬಿಟ್ಟ ಪೈಪಿಗಲ್ಲ. ಎರಡು, ‘ನಿಧಾನವಾಗಿ ಆದ ಹಾನಿ’ಯನ್ನು ಬಹುತೇಕ ಪಾಲಿಸಿಗಳು ಹೊರಗಿಡುತ್ತವೆ. ಬಾತ್‌ಟಬ್ಬಿನ ಸುತ್ತ ಗೋಡೆಗೆ ಹಚ್ಚಿದ ಸಿಲಿಕೋನ್ ಅಂಟು ಬಿಟ್ಟು, ದಿನಕ್ಕೊಂದು ಲೋಟದಂತೆ ವರ್ಷವಿಡೀ ನೀರು ಇಳಿದರೆ ವಿಮೆಯವನು ಕೈ ಅಲ್ಲಾಡಿಸಿ ಹೋಗುತ್ತಾನೆ. ನನ್ನ ಅನುಭವದಲ್ಲಿ ಇಂಗ್ಲಿಷ್ ಫ್ಲ್ಯಾಟುಗಳ ಅರ್ಧ ಸೋರಿಕೆ ಆ ಬಿಳಿಯ ಗೆರೆಯದು. ಹೊಸದಾಗಿ ಹಚ್ಚಿಸಲು ನೂರು ಪೌಂಡೂ ಬೇಕಿಲ್ಲ. ಇನ್ನು ಮನೆ 30 ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ನೀರಿನ ಹಾನಿಗೆ ರಕ್ಷಣೆ ಕಡಿತವಾಗುವ ಷರತ್ತೂ ಸಾಮಾನ್ಯ. ಒಬ್ಬ ಬಾಡಿಗೆದಾರ ಬಿಟ್ಟು ಇನ್ನೊಬ್ಬ ಬರುವ ನಡುವಿನ ಖಾಲಿ ದಿನಗಳೇ ಇಲ್ಲಿ ಮೋಸ ಮಾಡುವುದು.

ಮೇಲೊಡೆಯನ ಮುಂದೆ ವಾದವೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಈ ಪೈಪು ಯಾರದು? ನಿಮ್ಮ ಫ್ಲ್ಯಾಟಿಗೆ ಮಾತ್ರ ನೀರು ತರುವ, ಒಯ್ಯುವ ಕೊಳವೆ ನಿಮ್ಮದು, ಅದು ಕಟ್ಟಡದ ಗೋಡೆಯೊಳಗೇ ಹುದುಗಿದ್ದರೂ. ಹಲವು ಫ್ಲ್ಯಾಟಿಗೆ ಸೇರಿದ ಏರುಕೊಳವೆ, ಮಲದ ಕೊಳವೆ ಕಟ್ಟಡದ್ದು, ಅದು ನಿಮ್ಮ ಬಚ್ಚಲಿನ ಮೂಲೆಯಲ್ಲೇ ಹಾದುಹೋಗಿದ್ದರೂ. ಸಾಮಾನ್ಯವಾಗಿ ಹೀಗೆ. ಲೀಸ್ ಪತ್ರ ಬೇರೆ ಹೇಳಿದ್ದರೆ ಅದೇ ಅಂತಿಮ. ನನ್ನ ಪತ್ರದ ಅನುಬಂಧವೊಂದರಲ್ಲಿ ಈ ಹಂಚಿಕೆ ಎರಡೇ ವಾಕ್ಯಗಳಲ್ಲಿತ್ತು. ಓದಲು ಒಂದು ನಿಮಿಷ ಸಾಕು. ನಾನು ಓದಿದ್ದು ಕೊಂಡ ಎಷ್ಟೋ ವರ್ಷಗಳ ಮೇಲೆ.

ಈಗ ನಡುವಿನವನ ನಿಜವಾದ ಇಕ್ಕಟ್ಟು. 1988ರ ತಿದ್ದುಪಡಿಯಿಂದ 11ನೇ ಸೆಕ್ಷನ್ನಿನ ಹೊಣೆ, ಮಾಲೀಕನಿಗೆ ಹಕ್ಕಿರುವ ಕಟ್ಟಡದ ಉಳಿದ ಭಾಗಗಳಿಗೂ ಚಾಚಿತು. ಬಾಡಿಗೆದಾರನಿಗೆ ನಾನು ಉತ್ತರ ಕೊಡಬೇಕು, ಆದರೆ ಹಂಚಿಕೆಯ ಕೊಳವೆಯ ಮೇಲೆ ಕೈಯಿಡುವ ಅಧಿಕಾರ ನನಗಿಲ್ಲ. ಈ ಗಂಟನ್ನು 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಎಡ್ವರ್ಡ್ಸ್ ವಿರುದ್ಧ ಕುಮಾರಸಾಮಿ ಮೊಕದ್ದಮೆಯಲ್ಲಿ ಬಿಡಿಸಿತು. ಕುಮಾರಸಾಮಿ ನನ್ನ ಹಾಗೇ ಲೀಸ್‌ಹೋಲ್ಡ್ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟವರು. ಬಾಡಿಗೆದಾರ ಎಡ್ವರ್ಡ್ಸ್ ಕಸ ಹಾಕಲು ಹೋಗುವಾಗ, ಕಟ್ಟಡದ ಮುಂಬಾಗಿಲಿನಿಂದ ಕಸದ ತೊಟ್ಟಿಗೆ ಹೋಗುವ ಹಾದಿಯ ಏರುಪೇರು ಕಲ್ಲಿಗೆ ಎಡವಿ ಬಿದ್ದರು. ಆ ಹಾದಿ ಮನೆಯ ಹೊರಭಾಗ ಎನಿಸಿಕೊಳ್ಳುವುದಿಲ್ಲ, ದೋಷ ತನಗೆ ತಿಳಿಯುವವರೆಗೆ ಮಾಲೀಕ ಹೊಣೆಯೂ ಅಲ್ಲ ಎಂದಿತು ನ್ಯಾಯಾಲಯ. ಲೀಸ್‌ಹೋಲ್ಡ್ ಮಾಲೀಕರೆಲ್ಲ ಅಂದು ನಿಟ್ಟುಸಿರು ಬಿಟ್ಟಿರಬೇಕು.

ನನಗೆ ಮಾತ್ರ ಆ ತೀರ್ಪಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಸೆಕ್ಷನ್ನಿನ ಒಂದು ಉಪಕಲಂ. ದುರಸ್ತಿಗೆ ಬೇಕಾದ ಹಕ್ಕನ್ನು ಪಡೆಯಲು ಸಾಧ್ಯವಿದ್ದ ಪ್ರಯತ್ನವನ್ನೆಲ್ಲ ಮಾಡಿಯೂ ಸಿಗಲಿಲ್ಲ ಎಂದು ಮಾಲೀಕ ತೋರಿಸಿದರೆ ಅದೇ ಅವನಿಗೆ ರಕ್ಷಣೆ. ತೋರಿಸಿದರೆ, ಎಂಬ ಪದವನ್ನು ಗಮನಿಸಿ. ಏಜೆಂಟಿಗೆ ಮಾಡಿದ ಹತ್ತು ಫೋನಿನಿಂದ ಏನೂ ಆಗದು, ತಾರೀಖು ಹಾಕಿದ ಎರಡು ಪತ್ರದಿಂದ ಆಗುತ್ತದೆ. ಅಂದಿನಿಂದ ಏಜೆಂಟಿನ ಜೊತೆ ಫೋನಿನಲ್ಲಿ ಆಡಿದ್ದನ್ನೂ ‘ಈಗ ಮಾತಾಡಿದಂತೆ’ ಎಂದು ಕೂಡಲೇ ಈಮೇಲ್ ಮಾಡುವ ಚಟ ಹತ್ತಿದೆ.

ಏಜೆಂಟು ಕಳಿಸುವ ಬಿಲ್ಲನ್ನೆಲ್ಲ ತಲೆಬಾಗಿಸಿ ಕಟ್ಟಬೇಕಿಲ್ಲ. ಸರ್ವಿಸ್ ಚಾರ್ಜು ಯೋಗ್ಯವಾಗಿರಬೇಕು. ದುರಸ್ತಿಯೊಂದು ಯಾವುದೇ ಒಬ್ಬ ಲೀಸ್‌ದಾರನಿಗೆ 250 ಪೌಂಡಿಗಿಂತ ಹೆಚ್ಚು ಬೀಳುವುದಾದರೆ ಅದೇ 1985ರ ಕಾಯ್ದೆಯ 20ನೇ ಸೆಕ್ಷನ್ನಿನಂತೆ ಮೊದಲೇ ಎಲ್ಲರ ಅಭಿಪ್ರಾಯ ಕೇಳಬೇಕು. ಖರ್ಚಾಗಿ 18 ತಿಂಗಳೊಳಗೆ ಬಿಲ್ಲನ್ನೋ ಲಿಖಿತ ಸೂಚನೆಯನ್ನೋ ಕೊಡದಿದ್ದರೆ ಆಮೇಲೆ ಕೇಳುವಂತಿಲ್ಲ. ಒಪ್ಪದಿದ್ದರೆ ಫಸ್ಟ್ ಟಿಯರ್ ಟ್ರಿಬ್ಯುನಲ್ ಇದೆ. ಸರ್ಕಾರದ ಹಣದಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಪುಕ್ಕಟೆ ಸಲಹೆ ಕೊಡುತ್ತದೆ. ಇದನ್ನು ನಮ್ಮವರು ಬಳಸುವುದು ಕಡಿಮೆ, ಪುಕ್ಕಟೆ ಎಂದರೆ ನಂಬಿಕೆಯೇ ಬರುವುದಿಲ್ಲ.

ತೆರಿಗೆ ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ ದುರಸ್ತಿಯ ಖರ್ಚನ್ನು ಬಾಡಿಗೆ ಆದಾಯದಿಂದ ಕಳೆಯಬಹುದು, ಸುಧಾರಣೆಯ ಖರ್ಚನ್ನು ಆ ಲೆಕ್ಕದಲ್ಲಿ ಕಳೆಯಲಾಗದು. ಸೋರುವ ಟಬ್ಬಿನ ಜಾಗಕ್ಕೆ ಅಂಥದ್ದೇ ಟಬ್ಬು ಬಂದರೆ ದುರಸ್ತಿ, ಬಚ್ಚಲನ್ನೇ ಬದಲಿಸಿ ಮೆರುಗು ಕೊಟ್ಟರೆ ಸುಧಾರಣೆ. ಮಾಲೀಕ ಹೊರದೇಶದಲ್ಲಿದ್ದರೆ, ಅಲ್ಲಿನ ತೆರಿಗೆ ಇಲಾಖೆಯಿಂದ ಅನುಮತಿ ಪಡೆಯದ ಹೊರತು ಲೆಟಿಂಗ್ ಏಜೆಂಟು ಮೂಲದರ, ಅಂದರೆ 20 ಶೇಕಡಾ ಹಿಡಿದು ಉಳಿದದ್ದನ್ನು ಕೊಡುತ್ತಾನೆ. ಭಾರತದಲ್ಲಿ ವಾಸವಿದ್ದವರು ಇಲ್ಲಿಯೂ ಆ ಬಾಡಿಗೆ ತೋರಿಸಬೇಕು. ಇಲ್ಲಿನ ಲೆಕ್ಕ ವಿಚಿತ್ರ ಉದಾರಿ: ಏನನ್ನೂ ರಿಪೇರಿ ಮಾಡಿಸದಿದ್ದರೂ ಬಾಡಿಗೆ ಆದಾಯದಲ್ಲಿ 30 ಶೇಕಡಾ ಸಲೀಸಾಗಿ ಕಳೆಯಬಹುದು, ಅದಕ್ಕಿಂತ ಹೆಚ್ಚು ಖರ್ಚಾದರೆ ಒಂದು ಪೈಸೆಯೂ ಇಲ್ಲ. ಅಲ್ಲಿ ಪ್ಲಂಬರನ ಪ್ರತಿ ರಸೀದಿಯನ್ನೂ ಜೋಪಾನ ಮಾಡಬೇಕು, ಇಲ್ಲಿ ರಸೀದಿ ಕೇಳುವವರೇ ಇಲ್ಲ.

ನಮ್ಮಲ್ಲಿ ಇದೇ ಜಗಳ ಹೇಗೆ ತೀರುತ್ತದೆ? ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಚ್ಚಲಿನ ನೆಲವನ್ನು ತಗ್ಗಿಸಿ, ಆ ಹೊಂಡದಲ್ಲಿ ಪೈಪು ಹಾಸಿ ಮೇಲೆ ತುಂಬುವ ರೂಢಿಯಿದೆ. ಮೇಲ್ಮನೆಯ ಕೊಳವೆ ಕೆಳಮನೆಯವರ ತಲೆಯ ಮೇಲೇ ಕೂತಂತೆ. ಹೊಂಡದಲ್ಲಿ ನೀರು ತುಂಬಿ ಕೆಳಗೆ ಒಸರುವ ಹೊತ್ತಿಗೆ ಮೇಲಿನವರಿಗೆ ಸುಳಿವೇ ಇರುವುದಿಲ್ಲ. ಮೇಲೊಡೆಯನ ಜಾಗದಲ್ಲಿ ಇಲ್ಲಿ ಅಸೋಸಿಯೇಷನ್ ಇದೆ. ಹೊಸ ಕಟ್ಟಡವಾದರೆ ರೇರಾ ಕಾಯ್ದೆಯ ಐದು ವರ್ಷದ ದೋಷ ಹೊಣೆ ಬಿಲ್ಡರನ ಮೇಲಿದೆ. ಬಾಡಿಗೆದಾರನ ಪಾಲು ಮಾತ್ರ ಇಂಗ್ಲೆಂಡಿಗೆ ತಿರುವುಮುರುವು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯಲ್ಲಿ ಪೈಪು ಬದಲಿಸುವುದು ಮಾಲೀಕನಿಗೆ ಸೇರಿದ್ದರೆ, ನಲ್ಲಿಯ ವಾಷರ್, ಕಮೋಡು, ವಾಷ್‌ಬೇಸಿನ್, ಗೀಸರಿನ ರಿಪೇರಿ ಬಾಡಿಗೆದಾರನಿಗೆ ಸೇರಿದೆ. ರೆಡಿಂಗಿನಲ್ಲಿ ನಾನು ಕಟ್ಟಲೇಬೇಕಾದದ್ದನ್ನು, ಆ ಪಟ್ಟಿಯಂತೆ ನಡೆದರೆ ಮಲ್ಲೇಶ್ವರದಲ್ಲಿ ಬಾಡಿಗೆಯವರು ಕಟ್ಟುತ್ತಾರೆ. ನನಗಂತೂ ಇಂಗ್ಲೆಂಡಿನ ಹಂಚಿಕೆಯೇ ಸರಿ ಎನಿಸುತ್ತದೆ. ಹನ್ನೊಂದು ತಿಂಗಳಿಗೆ ಬಂದವನು ಹದಿನೈದು ವರ್ಷ ಹಳೆಯ ಗೀಸರಿಗೆ ಯಾಕೆ ದುಡ್ಡು ಹಾಕಬೇಕು?

ನನ್ನ ಕಥೆಗೆ ಬರುತ್ತೇನೆ. ಆ ರಾತ್ರಿ ಮೊದಲು ಬೇಕಾದದ್ದು ಸ್ಟಾಪ್‌ಕಾಕ್, ಮನೆಗೆ ಬರುವ ನೀರನ್ನೇ ನಿಲ್ಲಿಸುವ ಹಿತ್ತಾಳೆಯ ನಲ್ಲಿ. ಹನ್ನೆರಡು ವರ್ಷ ಇದ್ದ ನನಗೆ ಅದೆಲ್ಲಿದೆ ಎಂದು ಹೇಳಲಾಗಲಿಲ್ಲ. ಹುಡುಗ ಅರ್ಧ ಗಂಟೆ ತಡಕಾಡಿ ಅಡುಗೆಕೋಣೆಯ ಸಿಂಕಿನ ಕೆಳಗೆ, ಸೋಪಿನ ಬಾಟಲಿಗಳ ಹಿಂದೆ ಕಂಡುಹಿಡಿದ. ಮರುದಿನ ಬಂದ ಪ್ಲಂಬರ್ 140 ಪೌಂಡು ತೆಗೆದುಕೊಂಡು ಬಾತ್‌ಟಬ್ಬಿನ ಪಕ್ಕದ ಹಲಗೆ ಬಿಚ್ಚಿ ಟಾರ್ಚು ಬಿಟ್ಟ. ಸೋರಿಕೆಯನ್ನು ಅದರ ಹೊತ್ತಿನಿಂದ ಗುರುತಿಸಬೇಕು ಎಂದು ನಾನು ಕಲಿತದ್ದು ಅವನಿಂದ. ಹಗಲೂ ರಾತ್ರಿ ಒಂದೇ ಸಮ ಬಂದರೆ ಒತ್ತಡದ ಪೈಪು. ಸ್ನಾನ ಮಾಡಿದಾಗಷ್ಟೇ ಬಂದರೆ ಹೊರಹೋಗುವ ಪೈಪು ಇಲ್ಲವೇ ಸಿಲಿಕೋನ್. ಬಾಯ್ಲರಿನ ಒತ್ತಡದ ಮುಳ್ಳು ದಿನದಿನಕ್ಕೆ ಇಳಿದರೆ ರೇಡಿಯೇಟರಿನ ಸಾಲು. ನೀರು ತೊಲೆ ಹಿಡಿದು, ಪೈಪು ಹಿಡಿದು ಎರಡು ಮೀಟರ್ ನಡೆದು ಎಲ್ಲೋ ಬೀಳುತ್ತದೆ, ಕಲೆಯ ನೆತ್ತಿಯ ಮೇಲೇ ತೂತು ಹುಡುಕಬಾರದು ಎಂದ. ಟಬ್ಬಿನ ಸಿಲಿಕೋನ್ ಬಿಟ್ಟಿತ್ತು. 95 ಪೌಂಡಿಗೆ ಹೊಸದಾಗಿ ಹಚ್ಚಿದ. ಸಮಸ್ಯೆ ಮುಗಿಯಿತೆಂದುಕೊಂಡೆವು.

ಕಲೆ ದೊಡ್ಡದಾಗುತ್ತಲೇ ಹೋಯಿತು. ಏಜೆಂಟು ‘ನಿಮ್ಮ ಫ್ಲ್ಯಾಟಿನಿಂದ ಹುಟ್ಟಿದ ಸೋರಿಕೆ’ ಎಂದು ಪತ್ರ ಬರೆದು, ವಿಮೆಯಲ್ಲಿ ಮೊದಲು ನಾವೇ ಭರಿಸಬೇಕಾದ 500 ಪೌಂಡನ್ನು ಪೂರ್ತಿ ನನ್ನಿಂದ ಕೇಳಿದ. ನಾನು ಹಂಚಿಕೆಯ ಕೊಳವೆ ನೋಡಿ ಎಂದೆ, ಅವನು ನಿಮ್ಮ ಬಚ್ಚಲು ನೋಡಿ ಎಂದ. ಎತ್ತು ಏರಿಗೆ, ಕೋಣ ನೀರಿಗೆ.

ಇದನ್ನು ಬಿಡಿಸಿದ್ದು ಕೆಳಮನೆಯ ವೃದ್ಧೆ. ಆಕೆ ಮೊದಲ ವಾರದಿಂದಲೇ ಪ್ರತಿ ಭಾನುವಾರ ಸ್ಟೂಲು ಹತ್ತಿ, ಕಲೆಯ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತಿದ್ದರು. ಮರದ ಕಾಂಡ ಕೊಯ್ದಾಗ ಕಾಣುವ ಉಂಗುರಗಳಂತೆ ಒಂದರ ಹೊರಗೊಂದು ಗೆರೆ. ಡಿಸೆಂಬರಿನ ಕೊನೆಯಲ್ಲಿ ನನ್ನ ಬಾಡಿಗೆಯ ಹುಡುಗ ಸ್ಟಾಪ್‌ಕಾಕ್ ಮುಚ್ಚಿ ಎರಡು ವಾರ ಊರಿಗೆ ಹೋಗಿದ್ದ. ಆ ಎರಡು ಭಾನುವಾರಗಳ ಗೆರೆಗಳು ಉಳಿದೆಲ್ಲವುಗಳಿಗಿಂತ ದೂರ ದೂರವಿದ್ದವು. ಹಬ್ಬಕ್ಕೆ ಮೇಲಿನ ಮನೆಗಳಲ್ಲೆಲ್ಲ ನೆಂಟರು ತುಂಬಿದ್ದರು, ನನ್ನ ಮನೆಯಲ್ಲಿ ಹನಿ ನೀರು ಹರಿದಿರಲಿಲ್ಲ. ಗೆರೆಗಳ ಫೋಟೋ, ಹುಡುಗನ ವಿಮಾನದ ಟಿಕೆಟ್, ಲೀಸಿನ ಆ ಎರಡು ವಾಕ್ಯ, ಮೂರನ್ನೂ ಒಂದೇ ಈಮೇಲಿನಲ್ಲಿ ಕಳಿಸಿದೆ. ಹತ್ತು ದಿನದಲ್ಲಿ ಏಜೆಂಟಿನ ಕಡೆಯವರು ಬಂದು ಬಚ್ಚಲಿನ ಮೂಲೆಯ ಪೆಟ್ಟಿಗೆಗೋಡೆ ಒಡೆದರು. ಮಲದ ಕೊಳವೆಯ ಕೂಡುಭಾಗದ ರಬ್ಬರ್ ಉಂಗುರ ಒಣಗಿ ಸೀಳಿತ್ತು.

ವಿಮೆಯ ಆ 500 ಪೌಂಡು ಸರ್ವಿಸ್ ಚಾರ್ಜಿನಲ್ಲಿ ಹನ್ನೆರಡು ಫ್ಲ್ಯಾಟಿಗೆ ಹಂಚಿಹೋಯಿತು. ನನ್ನ ಪಾಲಿಗೆ 41 ಪೌಂಡು 67 ಪೆನ್ಸ್. ಮೊದಲ ಪ್ಲಂಬರನ 140 ಮತ್ತು ಸಿಲಿಕೋನಿನ 95 ನನ್ನವೇ ಆಗಿ ಉಳಿದವು, ಟಬ್ಬೂ ನಿಜಕ್ಕೂ ಸೋರುತ್ತಿತ್ತಲ್ಲ. ಜೂನಿನಲ್ಲಿ ಪೇಂಟರ್ ಬಂದು ಕೆಳಮನೆಯ ಸೀಲಿಂಗಿಗೆ ಕಲೆ ಮುಚ್ಚುವ ಪ್ರೈಮರ್ ಹೊಡೆಯುವ ಮೊದಲು ವೃದ್ಧೆ ಅವನನ್ನು ಐದು ನಿಮಿಷ ನಿಲ್ಲಿಸಿ, ಗೆರೆಗಳನ್ನೆಲ್ಲ ಒಂದು ಹಾಳೆಗೆ ನಕಲು ಮಾಡಿಕೊಂಡರಂತೆ. ಅದರ ಒಂದು ಪ್ರತಿ ಅಂಚೆಯಲ್ಲಿ ನನಗೂ ಬಂತು. ಲೀಸ್ ಪತ್ರದ ಜೊತೆ ಅದೇ ಫೈಲಿನಲ್ಲಿದೆ.